ತಾಮ್ರ ತಿನ್ನದ ಬ್ಯಾಕ್ಟೀರಿಯಾ: ಸರ್ಕ್ಯೂಟ್ ಬೋರ್ಡ್ ಪುಡಿಯ ಒಂದು ಪ್ರಕರಣ

ಇದು ನಡೆದದ್ದು ಬೆಂಗಳೂರಿನ ಹೊರವಲಯದ ಒಂದು ಕಾಲೇಜಿನ ಲ್ಯಾಬಿನಲ್ಲಿ. ಕಾಲೇಜು ಯಾವುದು, ಅದರ ಜೊತೆ ಕೈಜೋಡಿಸಿದ ಇ-ತ್ಯಾಜ್ಯ ಘಟಕ ಯಾವುದು ಎಂಬುದನ್ನು ಬರೆಯುತ್ತಿಲ್ಲ. ವಿದ್ಯಾರ್ಥಿನಿಯ ಹೆಸರೂ ಬರುವುದಿಲ್ಲ. ಆಕೆಯನ್ನು ವಿದ್ಯಾರ್ಥಿನಿ ಎಂದೇ ಕರೆಯುತ್ತೇನೆ, ಗೈಡ್ ಆಗಿದ್ದವರನ್ನು ಮೇಡಂ ಎಂದು. ನಾನು ಅವರ ಮಾದರಿಗಳಲ್ಲಿ ಎಷ್ಟು ತಾಮ್ರ ಇದೆ ಎಂದು ಅಳೆದು ಕೊಡುವವನು. ಅಳೆದು ಕೊಟ್ಟು ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ.

ಕೇಳಲು ಸುಲಭವಾದ ಯೋಜನೆ. ಹಳೆ ಕಂಪ್ಯೂಟರುಗಳ ಸರ್ಕ್ಯೂಟ್ ಬೋರ್ಡುಗಳನ್ನು ಪುಡಿ ಮಾಡಿ, ಅದರಲ್ಲಿರುವ ತಾಮ್ರವನ್ನು ಬ್ಯಾಕ್ಟೀರಿಯಾದಿಂದ ಕರಗಿಸಿ ತೆಗೆಯುವುದು. ಬೋರ್ಡುಗಳನ್ನು ಸುಟ್ಟು, ಕಟು ಆಸಿಡ್ಡಿನಲ್ಲಿ ಮುಳುಗಿಸಿ ಲೋಹ ತೆಗೆಯುವ ಗುಜರಿ ಪದ್ಧತಿಯ ಹೊಗೆ, ಅದರ ಪಕ್ಕದಲ್ಲಿ ಬೆಳೆಯುವ ಮಕ್ಕಳ ಕೆಮ್ಮು ಎಲ್ಲರಿಗೂ ಗೊತ್ತು. ಘಟಕದ ಮಾಲೀಕರಿಗೆ ಹೊಗೆ ಇಲ್ಲದ ದಾರಿ ಬೇಕಿತ್ತು, ಕಾಲೇಜಿಗೆ ಪ್ರಾಜೆಕ್ಟ್ ಬೇಕಿತ್ತು.

ಆರಿಸಿಕೊಂಡ ಬ್ಯಾಕ್ಟೀರಿಯಾ ಆಸಿಡಿಥಿಯೊಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. 1947ರಲ್ಲಿ ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ಅಮೆರಿಕದ ಕಲ್ಲಿದ್ದಲು ಗಣಿಗಳಿಂದ ಹರಿಯುವ ಹುಳಿ ನೀರಿನಲ್ಲಿ ಇಂಥ ಜೀವಿಯ ಕೈವಾಡ ಇದೆ ಎಂದು ತೋರಿಸಿದರು. 1951ರಲ್ಲಿ ಅದಕ್ಕೆ ಥಿಯೊಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂದು ಹೆಸರಾಯಿತು, 2000ದಲ್ಲಿ ಈಗಿನ ಹೆಸರು ಬಂತು. ಗಣಿ ಇರುವಲ್ಲೆಲ್ಲ ಇದರ ನೆಂಟರಿದ್ದಾರೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಅವರ ತಂಡ ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದೆ. ಅಂದರೆ ಈ ವಿದ್ಯಾರ್ಥಿನಿ ಹೊಸ ನೆಲ ಉಳುತ್ತಿರಲಿಲ್ಲ. ಹಳೆ ನೆಲದಲ್ಲಿ ಬೇರೆ ಬೆಳೆ ಹಾಕಲು ಹೊರಟಿದ್ದಳು. ಆ ಬೇರೆ ಬೆಳೆ ಎಂಬುದೇ ಮುಂದೆ ತೊಂದರೆಯ ಮೂಲವಾಯಿತು.

ಮೊದಲ ಕೆಂಪು

ಈ ಜೀವಿಗೆ ಕೊಡುವ ಊಟಕ್ಕೆ 9ಕೆ ಮಾಧ್ಯಮ ಎಂದು ಹೆಸರು. ಲೀಟರಿಗೆ 44.2 ಗ್ರಾಂ ಫೆರಸ್ ಸಲ್ಫೇಟ್, ಅಂದರೆ ಸುಮಾರು 9 ಗ್ರಾಂ ಕಬ್ಬಿಣ. ಹೆಸರಿನ 9 ಅಲ್ಲಿಂದ ಬಂದದ್ದು. ತಿಳಿ ಹಸಿರಿನ ಈ ಫೆರಸ್ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತು ಅದನ್ನು ಕೆಂಪು ಫೆರಿಕ್ ಮಾಡುವುದೇ ಈ ಜೀವಿಯ ಬದುಕು. ಮೇಲೆ ಒಂದಿಷ್ಟು ಅಮೋನಿಯಂ, ಪೊಟ್ಯಾಷಿಯಂ, ಮೆಗ್ನೀಷಿಯಂ ಲವಣ. ಸಕ್ಕರೆ ಇಲ್ಲ, ಪಿಷ್ಟ ಇಲ್ಲ. ಇಂಗಾಲವನ್ನು ಅದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೇ ಎಳೆದುಕೊಳ್ಳುತ್ತದೆ. ಹುಳಿ ಮಾತ್ರ ನಿಂಬೆರಸದಷ್ಟು ಬೇಕು, ಪಿಎಚ್ 2ರ ಆಸುಪಾಸು (ಪಿಎಚ್ ಅಂಕಿ ಇಳಿದಷ್ಟೂ ಹುಳಿ ಹೆಚ್ಚು).

ಮೊದಲ ವಾರವೇ ವಿದ್ಯಾರ್ಥಿನಿ ಫೋಟೊ ಕಳಿಸಿದಳು. ತಿಳಿ ಹಸಿರಾಗಿರಬೇಕಿದ್ದ ಫ್ಲಾಸ್ಕ್ ಕೆಂಪಗಾಗಿತ್ತು. "ಸರ್, ಒಂದೇ ರಾತ್ರಿಗೆ ಬೆಳೆದಿದೆ!" ಈ ಜೀವಿ ಒಂದೇ ರಾತ್ರಿಗೆ ಅಷ್ಟು ಕೆಲಸ ಮಾಡುವ ಪೈಕಿ ಅಲ್ಲ. ಪಕ್ಕದ ಫ್ಲಾಸ್ಕ್, ಅಂದರೆ ಬ್ಯಾಕ್ಟೀರಿಯಾ ಹಾಕದೇ ಇಟ್ಟದ್ದು, ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಇನ್ನೊಂದು ಫೋಟೊ ಬಂತು. ಅದೂ ಕೆಂಪು.

ಎಲ್ಲ ಲವಣಗಳನ್ನೂ ಒಟ್ಟಿಗೆ ಕರಗಿಸಿ, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಿದ್ದರು. ಆ ಬಿಸಿಗೆ ಫೆರಸ್ ಕಬ್ಬಿಣ ತಾನಾಗಿಯೇ ಕೆಡುತ್ತದೆ. ಕಬ್ಬಿಣದ ದ್ರಾವಣವನ್ನು ಬೇರೆ ಮಾಡಿ, ಹುಳಿ ಮಾಡಿ, ಸಣ್ಣ ಫಿಲ್ಟರಿನಲ್ಲಿ ಸೋಸಿ ಆಮೇಲೆ ಸೇರಿಸಬೇಕು. ಇದು ಚಿಕ್ಕ ತಪ್ಪು, ಒಂದೇ ದಿನದಲ್ಲಿ ಸರಿಹೋಯಿತು. ಬರೆಯುತ್ತಿರುವುದು ಯಾಕೆಂದರೆ, ಖಾಲಿ ಫ್ಲಾಸ್ಕ್ ಪಕ್ಕದಲ್ಲಿ ಇರದಿದ್ದರೆ ಆ ಕೆಂಪನ್ನು ಸಾಧನೆ ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು.

ಸರಿಯಾಗಿ ಮಾಡಿದ ಮೇಲೆ ನಿಜವಾದ ಬಣ್ಣ ನಿಧಾನವಾಗಿ ಬಂತು. ಎರಡನೇ ದಿನ ತಿಳಿ ಹಳದಿ, ಮೂರನೇ ದಿನ ಲೈಟ್ ಟೀ, ನಾಲ್ಕನೇ ದಿನ ಗಟ್ಟಿ ಡಿಕಾಕ್ಷನ್. ಪಕ್ಕದ ಖಾಲಿ ಫ್ಲಾಸ್ಕ್ ಹಸಿರಾಗಿಯೇ ಇತ್ತು. ಇಷ್ಟು ಹುಳಿ ನೀರಿನಲ್ಲಿ ಫೆರಸ್ ಕಬ್ಬಿಣ ಗಾಳಿಗೆ ತಾನಾಗಿ ಫೆರಿಕ್ ಆಗುವುದು ಬಹಳ ನಿಧಾನ. ಬ್ಯಾಕ್ಟೀರಿಯಾ ಆ ವೇಗವನ್ನು ಸುಮಾರು ಹತ್ತು ಲಕ್ಷ ಪಟ್ಟು ಏರಿಸಬಲ್ಲದು ಎಂದು 1970ರಲ್ಲೇ ಸಿಂಗರ್ ಮತ್ತು ಸ್ಟಮ್ ಅಂದಾಜು ಮಾಡಿದ್ದರು.

ಪುಡಿ ಬಿದ್ದ ಮರುದಿನ

ಚೆನ್ನಾಗಿ ಬೆಳೆದ ಆ ಡಿಕಾಕ್ಷನ್ನಿನಿಂದ 10 ಮಿಲಿ ತೆಗೆದು ಹೊಸ ಮಾಧ್ಯಮಕ್ಕೆ ಹಾಕಿ, ಒಟ್ಟು 100 ಮಿಲಿ ಮಾಡಿ, ಅದಕ್ಕೆ 10 ಗ್ರಾಂ ಬೋರ್ಡ್ ಪುಡಿ ಸುರಿದರು. ಶೇಕರಿನಲ್ಲಿ 30 ಡಿಗ್ರಿಯಲ್ಲಿ ಇಟ್ಟರು. ಮರುದಿನಕ್ಕೆ ಫ್ಲಾಸ್ಕಿನಲ್ಲಿ ಕೊಳಕು ಹಸಿರು-ಕಂದು ಕೆಸರು. ವಾರ ಕಾದರೂ ಅದೇ. ನನಗೆ ಬಂದ ಮಾದರಿಯಲ್ಲಿ ತಾಮ್ರ ಇದೆ ಎನ್ನಲೂ ನಾಚಿಕೆಯಾಗುವಷ್ಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಲಿಸುವ ಜೀವ ಒಂದೂ ಇಲ್ಲ.

ಇಲ್ಲಿ ಮೊದಲ ದೊಡ್ಡ ನಿರ್ಧಾರ ಆಯಿತು, ತಪ್ಪು ನಿರ್ಧಾರ. ತಾಮ್ರ ವಿಷ, ಬ್ಯಾಕ್ಟೀರಿಯಾ ಸತ್ತಿದೆ, ಅದಕ್ಕೆ ತಾಮ್ರ ಅಭ್ಯಾಸ ಮಾಡಿಸಬೇಕು ಎಂದು ತೀರ್ಮಾನಿಸಿದರು. ಅಲ್ಲಿ ನಾನೂ ತಲೆಯಾಡಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡು ತಿಂಗಳು ಸ್ವಲ್ಪ ಸ್ವಲ್ಪ ತಾಮ್ರದ ಸಲ್ಫೇಟ್ ಹೆಚ್ಚಿಸುತ್ತಾ ಬೆಳೆಸಿದರು. ಅದು ಹಟಮಾರಿಯಂತೆ ಬೆಳೆಯಿತು. ಲೀಟರಿಗೆ ಗ್ರಾಂಗಟ್ಟಲೆ ತಾಮ್ರ ಇದ್ದರೂ ಕಬ್ಬಿಣವನ್ನು ಕೆಂಪು ಮಾಡುತ್ತಲೇ ಇತ್ತು. ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇರಲಿಲ್ಲ. ತಾಮ್ರದ ಗಣಿಯ ನೀರಿನಲ್ಲಿ ಸಂಸಾರ ಮಾಡುವ ಜೀವಿ ಇದು. ಒಳಗೆ ಬಂದ ತಾಮ್ರವನ್ನು ಹೊರಕ್ಕೆ ತಳ್ಳುವ ಪಂಪುಗಳೇ ಇದಕ್ಕಿವೆ. ಕಬ್ಬಿಣದಿಂದ ಎಲೆಕ್ಟ್ರಾನ್ ದಾಟಿಸಲು ಇದು ಬಳಸುವ ರಸ್ಟಿಸಯನಿನ್ ಎಂಬ ನೀಲಿ ಪ್ರೋಟೀನಿನ ನಡುವೆ ಕೂತಿರುವುದೇ ತಾಮ್ರ.

ಎರಡು ತಿಂಗಳ ತಾಲೀಮು ಮುಗಿದ ಬ್ಯಾಕ್ಟೀರಿಯಾವನ್ನು ಮತ್ತೆ ಪುಡಿಗೆ ಇಳಿಸಿದರು. ಮರುದಿನ ಅದೇ ಕೆಸರು.

ಗಂಧಕ ಎಲ್ಲಿದೆ?

ವಿದ್ಯಾರ್ಥಿನಿ ಅಳುವುದೊಂದು ಬಾಕಿ. ಮೇಡಂ ಆಕೆಯ ನೋಟ್‌ಬುಕ್ ತೆಗೆದು, ಬಣ್ಣದ ವರ್ಣನೆಗಳನ್ನೆಲ್ಲ ಬಿಟ್ಟು ಪಿಎಚ್ ಕಾಲಂ ಮಾತ್ರ ಓದಿದರು. ಪುಡಿ ಹಾಕುವ ಮೊದಲು 1.8 ಇತ್ತು. ಮರುದಿನದ ಜಾಗ ಖಾಲಿ. ಮೂರನೇ ದಿನವೂ ಖಾಲಿ. ಕೆಸರು ಕಟ್ಟಿದ್ದರಿಂದ ಎಲೆಕ್ಟ್ರೋಡ್ ಹಾಳಾದೀತು ಎಂದು ಅಳೆದೇ ಇರಲಿಲ್ಲ.

ಹೊಸ ಫ್ಲಾಸ್ಕ್ ಇಟ್ಟು, ಪುಡಿ ಹಾಕಿ, ಈ ಸಲ ಗಂಟೆಗಂಟೆಗೂ ಅಳೆದರು. ಸಂಜೆಗೆ 3 ದಾಟಿತು. ಮರುದಿನ ಬೆಳಿಗ್ಗೆ 4ರ ಮೇಲೆ. ಪಿಎಚ್ 3ರ ಹತ್ತಿರ ಬಂದರೆ ಫೆರಿಕ್ ಕಬ್ಬಿಣ ನೀರಿನಲ್ಲಿ ನಿಲ್ಲುವುದಿಲ್ಲ, ಕೆಸರಾಗಿ ಕೂರುತ್ತದೆ. ಹುಳಿಯನ್ನೇ ನೆಚ್ಚಿಕೊಂಡ ಜೀವಿಗೂ ಅಲ್ಲಿ ಬಾಳಿಲ್ಲ. ತಾಮ್ರ ಕೊಂದಿರಲಿಲ್ಲ. ಹುಳಿ ಹೋಗಿತ್ತು.

ಮೇಡಂ ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ. "ನೀನು ಓದಿದ ಪೇಪರುಗಳೆಲ್ಲ ಅದಿರಿನ ಮೇಲಿನವು ತಾನೇ? ಅದಿರಿನಲ್ಲಿ ಗಂಧಕ ಇರುತ್ತೆ. ಈ ಪುಡಿಯಲ್ಲಿ ಗಂಧಕ ಎಲ್ಲಿದೆ?"

ಗಣಿಯಲ್ಲಿ ಸಿಗುವ ಪೈರೈಟ್, ಚಾಲ್ಕೊಪೈರೈಟ್ ಎಲ್ಲ ಲೋಹ ಮತ್ತು ಗಂಧಕ ಕೂಡಿದ ಖನಿಜಗಳು. ಬ್ಯಾಕ್ಟೀರಿಯಾ ಅವುಗಳ ಮೈಗೆ ಅಂಟಿಕೊಂಡು, ಒಂದು ಕಡೆ ಕಬ್ಬಿಣವನ್ನು ಫೆರಿಕ್ ಮಾಡುತ್ತದೆ, ಇನ್ನೊಂದು ಕಡೆ ಗಂಧಕವನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತದೆ. ಪೈರೈಟ್ ಹೆಚ್ಚಿರುವ ಕಡೆ ತನ್ನ ಹುಳಿಯನ್ನು ತಾನೇ ಕುದುರಿಸಿಕೊಳ್ಳುತ್ತದೆ. ಗಣಿ ಮುಚ್ಚಿದ ಮೇಲೂ ವರ್ಷಾನುಗಟ್ಟಲೆ ಕೆಂಪು ಹುಳಿ ನೀರು ಹರಿಯುವುದು ಅದರಿಂದಲೇ. ಸರ್ಕ್ಯೂಟ್ ಬೋರ್ಡಿನಲ್ಲಿ ಇರುವುದು ಶುದ್ಧ ಲೋಹದ ತಾಮ್ರ, ಬೆಸುಗೆಯ ತವರ ಮತ್ತು ಸೀಸ, ಅಲ್ಯೂಮಿನಿಯಂ ಚೂರು, ಕಬ್ಬಿಣದ ಸ್ಕ್ರೂಗಳ ತುಣುಕು, ಗಾಜಿನ ನಾರು, ರಾಳ. ಇದರಲ್ಲಿ ಹುಳಿ ಕೊಡುವಂಥದ್ದು ಒಂದೂ ಇಲ್ಲ, ಹುಳಿ ಕುಡಿಯುವಂಥವು ಬೇಕಾದಷ್ಟು. ಸಾಲದ್ದಕ್ಕೆ, ಫೆರಸ್ ಕಬ್ಬಿಣ ಫೆರಿಕ್ ಆಗುವಾಗಲೂ ಪ್ರತಿ ಕಬ್ಬಿಣದ ಅಯಾನಿಗೆ ಒಂದು ಹೈಡ್ರೋಜನ್ ಅಯಾನ್ ಖರ್ಚು.

"ಆಸಿಡ್ ಬೇಡದ ಹಸಿರು ವಿಧಾನ" ಎಂದು ಈ ತಂತ್ರವನ್ನು ಹೊಗಳುವವರು ಒಮ್ಮೆ ಲೆಕ್ಕ ಹಾಕಬೇಕು. ಲೋಹದ ತಾಮ್ರ ಒಂದು ಗ್ರಾಂ ಈ ದಾರಿಯಲ್ಲಿ ಕರಗಲು ಕಡಿಮೆ ಎಂದರೂ ಒಂದೂವರೆ ಗ್ರಾಂ ಸಲ್ಫ್ಯೂರಿಕ್ ಆಮ್ಲ ಬೇಕು. ಬ್ಯಾಕ್ಟೀರಿಯಾ ಅದನ್ನು ಉಳಿಸಿಕೊಡುವುದಿಲ್ಲ. ಗಂಧಕದ ಪುಡಿ ಕೊಟ್ಟರೆ ತಾನೇ ತಯಾರಿಸಿಕೊಳ್ಳಬಹುದು, ಆದರೆ ಪುಕ್ಕಟೆ ಅಲ್ಲ.

ಚಾಕು ಮತ್ತು ಸಾಣೆ

ಇನ್ನೊಂದು ಗಂಟು ಬಿಡಿಸಬೇಕಿತ್ತು. ವಿದ್ಯಾರ್ಥಿನಿಯ ತಲೆಯಲ್ಲಿ, ಮಾಲೀಕರ ತಲೆಯಲ್ಲಿ, ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಇದ್ದ ಚಿತ್ರ ಒಂದೇ: ಬ್ಯಾಕ್ಟೀರಿಯಾ ತಾಮ್ರ ತಿನ್ನುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾವನ್ನೂ ತಾಮ್ರವನ್ನೂ ಒಂದೇ ಪಾತ್ರೆಗೆ ಹಾಕಬೇಕು.

ಮೇಡಂ ಒಂದು ಸಣ್ಣ ಪ್ರಯೋಗ ಹೇಳಿದರು. ನಾಲ್ಕು ಫ್ಲಾಸ್ಕ್, ನಾಲ್ಕರಲ್ಲೂ ಬರೀ ಒಂದೊಂದು ಗ್ರಾಂ ಪುಡಿ. ಒಂದಕ್ಕೆ ಹುಳಿ ನೀರು ಮಾತ್ರ. ಇನ್ನೊಂದಕ್ಕೆ ಹುಳಿ ನೀರು ಮತ್ತು ಫೆರಸ್. ಮೂರನೆಯದಕ್ಕೆ ಅಂಗಡಿಯಿಂದ ತಂದ ಫೆರಿಕ್ ಸಲ್ಫೇಟ್, ಬ್ಯಾಕ್ಟೀರಿಯಾ ಇಲ್ಲ. ನಾಲ್ಕನೆಯದಕ್ಕೆ ಬ್ಯಾಕ್ಟೀರಿಯಾ ಬೆಳೆದು ಕೆಂಪು ಮಾಡಿಟ್ಟ ಡಿಕಾಕ್ಷನ್, ಬ್ಯಾಕ್ಟೀರಿಯಾ ಸಮೇತ. ಪುಡಿಯನ್ನು ಮೊದಲೇ ನೀರಿನಲ್ಲಿ ಕದಡಿ ತೇಲುವ ಪ್ಲಾಸ್ಟಿಕ್ ಚೆಲ್ಲಿ, ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆದು, ಹುಳಿ ಇಳಿಯದೆ ಸ್ಥಿರವಾಗಿ ನಿಲ್ಲುವವರೆಗೆ ದುರ್ಬಲ ಆಸಿಡ್ಡಿನಲ್ಲಿ ತೊಳೆದಿದ್ದರು.

ಮೊದಲ ಎರಡರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಲೋಹದ ತಾಮ್ರವನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲ ಒಂದೇ ಕರಗಿಸಲಾರದು. ಮೂರು ಮತ್ತು ನಾಲ್ಕರಲ್ಲಿ ಮೊದಲ ದಿನ ಕರಗಿದ ತಾಮ್ರ ಹೆಚ್ಚುಕಮ್ಮಿ ಸಮ.

ಆ ಫಲಿತಾಂಶ ನಾನೇ ಕೊಟ್ಟದ್ದು. ವಿದ್ಯಾರ್ಥಿನಿ ಹಾಳೆ ನೋಡಿ ಪೆಚ್ಚಾದಳು. "ಹಾಗಾದ್ರೆ ಬ್ಯಾಕ್ಟೀರಿಯಾ ಯಾಕೆ ಸರ್? ಅಂಗಡಿ ಪುಡಿ ಸಾಕಲ್ಲ?"

ಉತ್ತರ ನಾನು ಕೊಡಲಿಲ್ಲ, ಫ್ಲಾಸ್ಕುಗಳೇ ಕೊಟ್ಟವು. ಮೂರಕ್ಕೂ ನಾಲ್ಕಕ್ಕೂ ಮತ್ತೆ ಮತ್ತೆ ಒಂದೊಂದು ಗ್ರಾಂ ಪುಡಿ ಹಾಕುತ್ತಾ ಹೋದರು. ಲೆಕ್ಕ ನೇರವಾಗಿದೆ: ಒಂದು ತಾಮ್ರದ ಪರಮಾಣು ಕರಗಲು ಎರಡು ಫೆರಿಕ್ ಅಯಾನು ಬೇಕು, ಅಂದರೆ ಒಂದು ಗ್ರಾಂ ತಾಮ್ರಕ್ಕೆ ಸುಮಾರು 1.76 ಗ್ರಾಂ ಫೆರಿಕ್ ಕಬ್ಬಿಣ. 100 ಮಿಲಿಯಲ್ಲಿ ಇರುವ 0.9 ಗ್ರಾಂ ಕಬ್ಬಿಣ ಒಂದು ಸುತ್ತಿಗೆ ಅರ್ಧ ಗ್ರಾಂ ತಾಮ್ರ ಕರಗಿಸಿ ಸುಸ್ತಾಗುತ್ತದೆ. ಪುಡಿಯ ಐದನೇ ಒಂದು ಪಾಲು ತಾಮ್ರ ಎಂದು ನಾನು ಅಳೆದಿದ್ದೆ. ಮೂರನೇ ಫ್ಲಾಸ್ಕ್ ಮೂರನೇ ಗ್ರಾಂ ಪುಡಿಗೆ ಅರ್ಧದಲ್ಲೇ ನಿಂತಿತು. ಕಬ್ಬಿಣವೆಲ್ಲ ಫೆರಸ್ ಆಗಿ, ಕರಗಿದ ತಾಮ್ರದ ಬಣ್ಣವೂ ಸೇರಿ ದ್ರಾವಣ ನೀಲಿ-ಹಸಿರಾಯಿತು. ನಾಲ್ಕನೆಯದೂ ಪುಡಿ ಬಿದ್ದಾಗ ಹಸಿರಾಗುತ್ತಿತ್ತು, ಒಂದೆರಡು ದಿನ ಶೇಕರಿನಲ್ಲಿ ಅಲುಗಾಡಿದ ಮೇಲೆ ಮತ್ತೆ ಕೆಂಪಗೆ ತಿರುಗುತ್ತಿತ್ತು. ಮತ್ತೆ ಪುಡಿ, ಮತ್ತೆ ಹಸಿರು, ಮತ್ತೆ ಕೆಂಪು.

ಮೇಡಂ ಆಗ ಹೇಳಿದ್ದು: "ಕೊಯ್ಯೋದು ಚಾಕು. ಸಾಣೆ ಹಿಡಿಯೋನು ತರಕಾರಿ ಮುಟ್ಟೋದೇ ಇಲ್ಲ. ನೀನು ಎರಡು ತಿಂಗಳು ಸಾಣೆ ಹಿಡಿಯೋನಿಗೆ ತರಕಾರಿ ತಿನ್ನಿಸ್ತಾ ಕೂತಿದ್ದೆ." ಚಾಕು ಎಂದರೆ ಫೆರಿಕ್ ಕಬ್ಬಿಣ. ತಾಮ್ರ ಕೊಯ್ದು ಮೊಂಡಾದರೆ ಅದು ಫೆರಸ್. ಅದಕ್ಕೆ ಮತ್ತೆ ಹರಿತ ಕೊಡುವುದಷ್ಟೇ ಬ್ಯಾಕ್ಟೀರಿಯಾದ ಕಸುಬು.

ಆ ಕಸುಬಿನ ಒಳಗುಟ್ಟೂ ಸೊಗಸಾಗಿದೆ. ಶಕ್ತಿಗಾಗಿ ಬಳಸುವ ಕಬ್ಬಿಣವನ್ನು ಈ ಜೀವಿ ಮೈಯೊಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಒಳಗಿನ ಪಿಎಚ್ ಸುಮಾರು 6.5, ಅಲ್ಲಿಗೆ ಫೆರಿಕ್ ಬಂದರೆ ತುಕ್ಕಾಗಿ ಕೂರುತ್ತದೆ. ಹೊರಪೊರೆಯಲ್ಲಿ ಕೂತ ಸೈಟೊಕ್ರೋಮ್ ಎಂಬ ಒಂದು ಪ್ರೋಟೀನು ಬಾಗಿಲಲ್ಲೇ ಎಲೆಕ್ಟ್ರಾನ್ ಕಿತ್ತುಕೊಂಡು ಕಬ್ಬಿಣವನ್ನು ಹಾಗೇ ಕಳಿಸಿಬಿಡುತ್ತದೆ. ಎಲೆಕ್ಟ್ರಾನ್ ಆಗಲೇ ಹೇಳಿದ ರಸ್ಟಿಸಯನಿನ್ ಮೂಲಕ ದಾಟಿ ಕೊನೆಗೆ ಆಮ್ಲಜನಕವನ್ನು ಸೇರುತ್ತದೆ. ಹೊರಗಿನ ಹುಳಿಯಲ್ಲಿ ಹೈಡ್ರೋಜನ್ ಅಯಾನುಗಳು ಒಳಗಿಗಿಂತ ಸಾವಿರಾರು ಪಟ್ಟು ದಟ್ಟ. ಅವು ಒಳಕ್ಕೆ ನುಗ್ಗುವ ರಭಸದಲ್ಲಿ ಅಣೆಕಟ್ಟಿನ ನೀರಿನಿಂದ ಕರೆಂಟ್ ತೆಗೆದ ಹಾಗೆ, ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಎಂಬ ಅಣು ತಯಾರಾಗುತ್ತದೆ. ನುಗ್ಗಿ ಬಂದವುಗಳನ್ನು ಎಲೆಕ್ಟ್ರಾನ್ ಮತ್ತು ಆಮ್ಲಜನಕ ಸೇರಿ ನೀರು ಮಾಡಿ ಮುಗಿಸುತ್ತವೆ. ಕಬ್ಬಿಣದ ಎಲೆಕ್ಟ್ರಾನಿನಲ್ಲಿ ಸಿಗುವ ಲಾಭ ಚಿಲ್ಲರೆ, ಹಾಗಾಗಿ ಹೊಟ್ಟೆ ಹೊರೆಯಲು ರಾಶಿ ರಾಶಿ ಕಬ್ಬಿಣಕ್ಕೆ ಸಾಣೆ ಹಿಡಿಯಬೇಕು. ಬ್ಯಾಕ್ಟೀರಿಯಾದ ಈ ಬಡತನವೇ ನಮ್ಮ ಬಂಡವಾಳ.

ಎರಡು ಪಾತ್ರೆ

ಇದಾದ ಮೇಲೆ ಯೋಜನೆ ತಿರುಗಿತು. ಒಂದು ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ನೆಮ್ಮದಿಯಾಗಿ ಕಬ್ಬಿಣ ಕೆಂಪು ಮಾಡಲಿ, ಆ ಕೆಂಪು ನೀರು ಇನ್ನೊಂದು ಪಾತ್ರೆಯ ಪುಡಿಯ ಮೇಲೆ ಹರಿಯಲಿ, ಹಸಿರಾದ ನೀರು ಮೊದಲ ಪಾತ್ರೆಗೆ ಮರಳಲಿ. ಎರಡು ಹಂತ ಮಾಡುವುದು ಹೊಸದಲ್ಲ, ಪುಸ್ತಕದಲ್ಲೇ ಇತ್ತು. ಮೊದಲು ಓದಿದಾಗ ಯಾಕೆ ಎಂದು ಅರ್ಥವಾಗಿರಲಿಲ್ಲ, ಅಷ್ಟೇ.

ಆಗ ಬೇರೊಂದು ಕಾಟ ಶುರುವಾಯಿತು. ಫ್ಲಾಸ್ಕಿನ ಗೋಡೆಗೆ ಗಂಧ ತೇಯ್ದು ಬಳಿದಂಥ ಹಳದಿ ಪದರ. ಅದು ಜಾರೊಸೈಟ್. ಫೆರಿಕ್, ಸಲ್ಫೇಟ್, ಜೊತೆಗೆ ಪೊಟ್ಯಾಷಿಯಂ ಅಥವಾ ಅಮೋನಿಯಂ ಸೇರಿ ಕಟ್ಟುವ ಉಪ್ಪು. ಪುಡಿಯ ಮೇಲೆ ಕೂತರೆ ತಾಮ್ರಕ್ಕೆ ಮುಸುಕು ಹಾಕಿದ ಹಾಗೆ. ಎರಡನೇ ಹೊಡೆತ, ಚಾಕುವಾಗಬೇಕಿದ್ದ ಕಬ್ಬಿಣವೇ ಅಲ್ಲಿ ಹೋಗಿ ಸೇರುತ್ತದೆ. 9ಕೆ ಮಾಧ್ಯಮದಲ್ಲಿ ಅಮೋನಿಯಂ ಸಲ್ಫೇಟ್ ಲೀಟರಿಗೆ 3 ಗ್ರಾಂ. ಬೆಳೆದು ನಿಂತ ಬ್ಯಾಕ್ಟೀರಿಯಾಕ್ಕೆ ಅಷ್ಟು ಬೇಕಿಲ್ಲ. ಅದನ್ನು ತೀರಾ ಕಡಿಮೆ ಮಾಡಿ, ಪಿಎಚ್ ಅನ್ನು 1.6ರ ಹತ್ತಿರ ಹಿಡಿದ ಮೇಲೆ ಹಳದಿ ಹತೋಟಿಗೆ ಬಂತು, ಪೂರ್ತಿ ಹೋಗಲಿಲ್ಲ. ಬೆಸುಗೆಯ ಸೀಸ ಮಾತ್ರ ಕರಗದೆ ಬಿಳಿ ಸಲ್ಫೇಟ್ ಆಗಿ ಅಡಿಯಲ್ಲೇ ಉಳಿಯಿತು. ಆ ಕೆಸರನ್ನು ಬೇಸಿನ್ನಿಗೆ ಸುರಿಯುವ ಹಾಗಿಲ್ಲ. ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯದವರಿಗೇ ಕೊಡಬೇಕು.

ಡ್ರಮ್ಮಿನ ಮಟ್ಟಕ್ಕೆ ಏರಿಸಿದಾಗ ಒಂದು ಶನಿವಾರ ಕರೆಂಟ್ ಹೋಗಿ ಗಾಳಿ ಊದುವ ಪಂಪ್ ನಿಂತಿತು. ಸೋಮವಾರ ಅಟೆಂಡರ್ ಬಾಗಿಲು ತೆಗೆದು, "ಮೇಡಂ, ನಿಮ್ಮ ಟೀ ಹಸಿರಾಗಿದೆ" ಎಂದು ಫೋನ್ ಮಾಡಿದ. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಉಸಿರು ಕಟ್ಟಿ ಕೂತಿತ್ತು. ಗಾಳಿ ಕೊಟ್ಟ ಮೇಲೆ ಕೆಂಪು ಮರಳಿತು. ಈ ವಿಧಾನದಲ್ಲಿ ತಾಮ್ರವನ್ನು ಕರಗಿಸುವ ನಿಜವಾದ ಸರಕು ಗಾಳಿಯ ಆಮ್ಲಜನಕ. ಹುಳಿ ನೀರಿನಲ್ಲಿ ಅದು ನೇರವಾಗಿ ತಾಮ್ರದ ಮೇಲೆ ಕೈಮಾಡುವುದು ನಿಧಾನವಾದ್ದರಿಂದ ನಡುವೆ ಕಬ್ಬಿಣ, ಕಬ್ಬಿಣಕ್ಕೆ ಬ್ಯಾಕ್ಟೀರಿಯಾ. ಹೀಗೆ ನೋಡಲು ಕಲಿತ ಮೇಲೆ ವಿದ್ಯಾರ್ಥಿನಿ ದಿನ ಬೆಳಿಗ್ಗೆ ತಾಮ್ರ ಅಳೆಯಲು ನನ್ನ ಹತ್ತಿರ ಓಡಿ ಬರುವುದನ್ನು ಬಿಟ್ಟಳು. ಪಿಎಚ್ ನೋಡುತ್ತಿದ್ದಳು, ಡೈಕ್ರೊಮೇಟ್ ಟೈಟ್ರೇಷನ್ ಮಾಡಿ ಎಷ್ಟು ಫೆರಸ್ ಉಳಿದಿದೆ ಎಂದು ನೋಡುತ್ತಿದ್ದಳು. ಇವೆರಡು ಸರಿ ಇದ್ದರೆ ತಾಮ್ರ ಬಂದೇ ಬರುತ್ತದೆ ಎಂಬ ನಂಬಿಕೆ ಹುಟ್ಟಿತ್ತು. ತೊಳೆದ ಪುಡಿಯಿಂದ ಐದು ದಿನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಾಮ್ರ ನೀರಿಗೆ ಬಂದಿತ್ತು. ತೊಳೆಯದ ಪುಡಿಯನ್ನು ಒಮ್ಮೆಗೇ ಸುರಿಯಬಹುದೇ ಎಂದು ಮಾಲೀಕರು ಕೇಳಿದಾಗ ಆಗುವುದಿಲ್ಲ ಎಂದೇ ಹೇಳಿದೆವು. ಅವರಿಗದು ಹಿಡಿಸಲಿಲ್ಲ, ತೊಳೆಯುವ ಖರ್ಚು ಅವರ ಲೆಕ್ಕದಲ್ಲಿ ಇರಲಿಲ್ಲ. ಘಟಕಕ್ಕೆ ಇದು ಲಾಭದಾಯಕವೇ ಎಂಬ ಪ್ರಶ್ನೆ ಪ್ರಾಜೆಕ್ಟ್ ಮುಗಿಯುವಾಗಲೂ ಇತ್ಯರ್ಥವಾಗಿರಲಿಲ್ಲ.

ಮಾಲೀಕರು ಲ್ಯಾಬಿಗೆ ಬಂದದ್ದು ಒಂದೇ ಸಲ. ಅವರೆದುರು ವಿದ್ಯಾರ್ಥಿನಿ ನೀಲಿ-ಹಸಿರು ದ್ರಾವಣಕ್ಕೆ ಒಂದು ಕಬ್ಬಿಣದ ಮೊಳೆ ಇಳಿಬಿಟ್ಟಳು. ಎರಡು ನಿಮಿಷಕ್ಕೆ ಎತ್ತಿದರೆ ಮುಳುಗಿದ್ದಷ್ಟು ಭಾಗ ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ತಾಮ್ರ ಮೊಳೆಯ ಮೇಲೆ ಕೂತು, ಅದರ ಬದಲು ಮೊಳೆಯ ಕಬ್ಬಿಣ ಫೆರಸ್ ಆಗಿ ನೀರಿಗೆ ಇಳಿದಿತ್ತು. ಆ ಫೆರಸ್ ನೀರು ಮತ್ತೆ ಬ್ಯಾಕ್ಟೀರಿಯಾದ ಊಟ.

ಅವರು ಮೊಳೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣಮ್ಮ. ಚಿನ್ನ ಎಲ್ಲಿ?"

ಫೆರಿಕ್ ಸಲ್ಫೇಟಿಗೆ ಚಿನ್ನ ಕರಗುವುದಿಲ್ಲ. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಹತ್ತಿರದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಇಂಥದೇ ಬ್ಯಾಕ್ಟೀರಿಯಾಗಳನ್ನು ಚಿನ್ನದ ಅದಿರಿಗೆ ಬಿಡುತ್ತಾರೆ, ಚಿನ್ನ ಕರಗಿಸಲಿಕ್ಕಲ್ಲ, ಅದನ್ನು ಮುಚ್ಚಿಟ್ಟ ಗಂಧಕದ ಖನಿಜವನ್ನು ಕೊರೆದು ಚಿನ್ನವನ್ನು ಬಯಲು ಮಾಡಲು. ವಿದ್ಯಾರ್ಥಿನಿ ಇದನ್ನೆಲ್ಲ ವಿವರಿಸಲು ಹೋಗಲಿಲ್ಲ. ಸೋಸಿದ ಕಾಗದವನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಗಾಜಿನ ನಾರಿನ ಬೂದು ಮುದ್ದೆಯ ನಡುವೆ, ಕೆಳಗಿನ ತಾಮ್ರ ಕರಗಿ ಬಿಡುಗಡೆಯಾದ ಕನೆಕ್ಟರ್ ಲೇಪನದ ಚೂರುಗಳು, ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ, ಹಳದಿಯಾಗಿ ಮಿನುಗುತ್ತಿದ್ದವು. ಮಾಲೀಕರು ಕನ್ನಡಕ ಏರಿಸಿಕೊಂಡು ಇನ್ನಷ್ಟು ಹತ್ತಿರಕ್ಕೆ ಬಗ್ಗಿದರು.